ಎಮ್ಮೆಯ ಮುಖಾಂತರ

ಪ್ಲೇಗು ಮೂರನೆಯ ಸಲ ಬಂದುಹೋದ ಮೇಲೆ ಬೈಲಹೊಂಗಲದ ಮಾಮಲೇದಾರ ರಾಯರು ನೇಸರಗಿ ಕಡೆಯ ಒಂದು ಹಳ್ಳಿಗೆ ಕುದುರೆಯೇರಿ ಬಂದರು. ಊರ ಹೊರಗಿನ ಗರಸು ಹೊಲವನ್ನು ಮುಂದೆ ಮನೆ ಕಟ್ಟುವವರಿಗಾಗಿ ಬಿಡಿಸಬೇಕೋ ಬೇಡವೋ ಎಂದು ನೋಡುವುದು ಅವರ ಕೆಲಸ. ನೆಲ ಗಟ್ಟಿಯಿತ್ತು, ನೀರು ನಿಲ್ಲುತ್ತಿರಲಿಲ್ಲ, ಬಾವಿ ಹತ್ತಿರವಿತ್ತು. ಇಷ್ಟನ್ನು ಕುದುರೆಯ ಮೇಲಿಂದಲೇ ನೋಡಿ, ಉಳಿದ ಒಂದು ಪ್ರಶ್ನೆಯನ್ನು ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಊರವರಿಗೆ ಕೇಳಲು ಕೆಳಗಿಳಿದರು.

“ಮುಂದ ಯಾರ್ಯಾರಿಗೆ ಬ್ಯಾರೆ ಮನಿ ಬೇಕಾಗ್ತದ, ಹೇಳ್ರಿ.”

ಗಂಡಸರು ತಮ್ಮ ತಮ್ಮ ಹಿರಿಯರ ಮುಖ ನೋಡಿದರು. ಹಿರಿಯರೆದುರು ಬೇರೆ ಮನೆ ಕೇಳಿದರೆ ಪಾಲು ಕೇಳಿದಂತೆ. ಪಾಲು ಕೇಳಿದರೆ ಅವರ ಸಾವಿಗೆ ಕಾದಂತೆ. “ನಾವ ಅಣತಮ್ಮರ ಎಲ್ಲಾ ಒಂದ ಅದೇವ್ರಿ,” ಎಂದು ಒಬ್ಬ ಹೇಳಿದ. ತಮ್ಮ ಹೊಡೆದ ಗಾಯಕ್ಕೆ ಹಚ್ಚಿದ ಅರಿಸಿನ ಅವನ ಹಣೆಯ ಮೇಲೆ ಇನ್ನೂ ಒಣಗಿರಲಿಲ್ಲ.

ರಾಯರು ಬಿಸಿಲು ನೋಡಿದರು. ಯಾರಿಗೂ ಬೇಡವೆಂದು ಬರೆದರೆ ಊಟದ ಹೊತ್ತಿಗೆ ಮನೆ ಸೇರಬಹುದು.

ಗುಡಿಸಲಿನ ಬಾಗಿಲಲ್ಲಿ ಕರೆವ್ವ ಒಳಗೆ ಹೊರಗೆ ಮಾಡುತ್ತಿದ್ದಳು. ಪ್ಲೇಗಿಗೆ ಹೆದರಿ ಊರೆಲ್ಲ ಈ ಹೊಲಕ್ಕೆ ಬಂದಾಗಿನಿಂದ ಅವಳಿಗೆ ತನ್ನದೇ ಒಲೆಯಿತ್ತು. ಮದುವೆಯಾದ ಮೇಲೆ ಸಾರಿಗೆ ತಾನೇ ಉಪ್ಪು ಹಾಕಿದ್ದು ಇಲ್ಲಿಯೇ. ಇನ್ನು ಊರೊಳಗೆ ಮರಳಬೇಕು. ಅಲ್ಲಿ ಭಾವನ ಹೆಂಡತಿ ನೆಗೆಣ್ಣಿಯ ಒಲೆ, ನೆಗೆಣ್ಣಿಯ ಉಪ್ಪು. ಗಂಡ ಯಮನಪ್ಪ ಬಾಯಿ ಬಿಡಲಿ ಎಂದು ಕಾದಳು. ಅವನು ಅಣ್ಣ ಅಂದಾನೆಪ್ಪನ ಹಿಂದೆ ನಿಂತು ಹೆಬ್ಬೆರಳಿಂದ ನೆಲ ಕೆರೆಯುತ್ತಿದ್ದ. ಭಾವನೊಡನೆ ಅವಳು ಮಾತಾಡುವಂತಿಲ್ಲ. ಆದರೆ ಗೂಟದಲ್ಲಿ ಎಮ್ಮೆಯಿತ್ತು.

“ಕೇಳಿದೇನವ್ವಾ,” ಎಂದು ಎಮ್ಮೆಗೆ ಹೇಳಿದಳು, ಹೊಲದ ಆಚೆ ಬದುವಿಗೂ ಕೇಳುವಂತೆ. “ಸರಕಾರ ಕುದರಿ ಮ್ಯಾಲ ಬಂದ ಜಾಗಾ ಕೊಡತೇನಿ ಅನ್ನಾಕ ಹತ್ತೇತಿ. ನಮ್ಮ ಮಂದಿ ಬಾಯಾಗ ನೀರ ತುಂಬಕೊಂಡ ನಿಂತಾರ.”

“ಯಾರ ಕೂಡ ಮಾತಾಡ್ತಾಳ?” ಎಂದರು ರಾಯರು.

“ಎಮ್ಮಿ ಕೂಡ್ರಿ,” ಎಂದ ತಳವಾರ, ಅದರಲ್ಲೇನು ವಿಶೇಷ ಎಂಬಂತೆ.

ಅಂದಾನೆಪ್ಪನೂ ತಮ್ಮನ ಹೆಂಡತಿಯೊಡನೆ ನೇರ ಮಾತಾಡುವಂತಿಲ್ಲ. ಮುಂಡಾಸು ಸರಿಮಾಡಿಕೊಂಡು ಎಮ್ಮೆಯತ್ತ ತಿರುಗಿದ. “ಎಮ್ಮಿ, ನಾ ಇರೂತನಕ ಮನಿ ಒಡಿಯೂದಿಲ್ಲಂತ ಹೇಳ ಅಕಿಗೆ.”

“ಮನಿ ಯಾರ ಒಡೀತಾರಂತ ಕೇಳ ಎಮ್ಮಿ. ಒಂದ ಒಲಿ ಮುಂದ ಇಬ್ಬರನ್ನ ಕುಂಡರಿಸಿ, ದಿನಾ ಜಗಳಾ ಬಿಡಿಸಿ ಬಿಡಿಸಿ ಅವರಿಗೆ ಬ್ಯಾಸರ ಬಂದಿಲ್ಲೇನಂತ ಕೇಳ.”

ಎಮ್ಮೆ ಬಾಲ ಎತ್ತಿತು. ಅದರ ಕೆಲಸ ಮುಗಿಯುವ ತನಕ ಇಬ್ಬರೂ ಸುಮ್ಮನಿದ್ದರು.

ರಾಯರು ಯಮನಪ್ಪನ ಕಡೆ ಹೊರಳಿದರು. “ಏನಪಾ, ಜಾಗಾ ಬೇಕೋ ಬ್ಯಾಡೋ?”

ಯಮನಪ್ಪ ಅಣ್ಣನ ಬೆನ್ನು ನೋಡಿದ, ಹೆಂಡತಿಯ ಮುಖ ನೋಡಿದ. “ನನಗ ಬ್ಯಾಡ್ರಿ ಸಾಹೇಬ್ರ. ಎಮ್ಮಿ ಕಟ್ಟಾಕ ಊರಾಗ ಜಾಗಾ ಸಾಲವಲ್ದು.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಅರಿಸಿನದ ಹಣೆಯವನಿಗೆ ತನ್ನ ಹೋರಿಗಳ ನೆನಪಾಯಿತು. ದನವೇ ಇಲ್ಲದ ಇನ್ನೊಬ್ಬ, ಮುಂದೆ ಕೊಳ್ಳುವವನಿದ್ದೇನೆ ಎಂದ. ರಾಯರು ಎಲ್ಲವನ್ನೂ ಮನೆಯೆಂದೇ ಬರೆದುಕೊಂಡು, ಯಮನಪ್ಪನ ಹೆಸರಿಗೆ ಬಂದಾಗ ನಿಲ್ಲಿಸಿದರು. “ಹಿರ್ಯಾರು ನೀವು. ಏನಂತೀರಿ?”

ಅಂದಾನೆಪ್ಪ ಕೂತ, ಎದ್ದ, ಮತ್ತೆ ಕೂತ.

“ಬರಕೋರಿ. ಎಮ್ಮಿ ಇಲ್ಲಿದ್ದರ, ಹಾಲ ಹಿಂಡಾಕ ಯಾರರ ಇಲ್ಲೇ ಇರಬೇಕಾಗತೈತಿ.”

ರಾಯರು ಕುದುರೆ ಏರುವಷ್ಟರಲ್ಲಿ ಕರೆವ್ವ ಹೊಲದ ಮೂಲೆ ಹಿಡಿದು, ಇಲ್ಲಿ ಒಲೆ, ಇಲ್ಲಿ ಹೊಸ್ತಿಲು ಎಂದು ಕಾಲಿನಿಂದ ಗೀಟು ಎಳೆಯುತ್ತಿದ್ದಳು. ಅಂದಾನೆಪ್ಪ ಎಷ್ಟೋ ಹೊತ್ತು ತಡೆದುಕೊಂಡ.

“ಎಮ್ಮಿ, ಬಾಗಲಾ ತೆಂಕಲಕ್ಕ ಆಗೇತಿ. ಮೂಡಲಕ್ಕ ಇಡ ಅಂತ ಹೇಳ ಅಕಿಗೆ.”

ಕರೆವ್ವ ಸೆರಗು ಮುಂದೆಳೆದುಕೊಂಡು ಹೊಸ್ತಿಲಿನ ಗೀಟು ಅಳಿಸಿ ಮೂಡಲಿಗೆ ಎಳೆದಳು.