ಎರಡೂವರೆ ಇಂಚಿನ ಪೈಪು

ಧರ್ಮೇಂದ್ರನ ಹಲ್ಲು ಉದುರಿಸಬೇಕೆಂದು ಆರು ವರ್ಷದಿಂದ ನನ್ನ ಕೈ ತುರಿಸುತ್ತಿತ್ತು. ಅವನು ನನ್ನ ತಂಗಿ ಸುಧಾಳ ಗಂಡ, ಕಂಪಲಾಪುರದಲ್ಲಿ ಹೊಗೆಸೊಪ್ಪು ಬೆಳೆಯುವವನು. ಹೊರಗೆ ಯಾರಾದರೂ ಅವನ ಮಾನ ಕಳೆದರೆ ಅಲ್ಲಿ ಹಲ್ಲು ಕಿರಿದು ಸುಮ್ಮನಾಗುತ್ತಿದ್ದ. ಮನೆಗೆ ಬಂದು ಅದನ್ನೆಲ್ಲ ಸುಧಾಳ ಮೈಮೇಲೆ ತೀರಿಸಿಕೊಳ್ಳುತ್ತಿದ್ದ. ಹರಾಜಿನಲ್ಲಿ ಅವನ ಸೊಪ್ಪಿಗೆ ಕಳಪೆ ದರ್ಜೆ ಹಾಕಿದ ದಿನ ಅವಳ ಕೆನ್ನೆ ಊದಿತ್ತು. ಪಂಚಾಯ್ತಿ ಚುನಾವಣೆಯಲ್ಲಿ ಹನ್ನೊಂದು ಓಟಿನಿಂದ ಸೋತ ದಿನ ಅವಳ ಎರಡು ಬೆರಳು ಮುರಿದಿದ್ದವು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಲ ಹೊಡೆಯಲೆಂದೇ ಹೋಗಿದ್ದೆ. ಎರಡು ಸಲವೂ ಸುಧಾ ಬಾಗಿಲಲ್ಲಿ ಅಡ್ಡ ನಿಂತಳು.

"ನೀನು ಒಡ್ದು ಉಣಸೂರಿಗೆ ಓಯ್ತೀಯ. ಆಮೇಲೆ ಇಲ್ಲಿರೋಳು ನಾನು ಕಣಣ್ಣ."

ನಾನು ವಾಪಸು ಬಂದು ಅಂಗಡಿಯಲ್ಲಿ ಕಬ್ಬಿಣಕ್ಕೆ ಬಡಿಯುತ್ತಿದ್ದೆ. ಹುಣಸೂರಿನಲ್ಲಿ ಮೈಸೂರು ರಸ್ತೆಯ ಮಗ್ಗುಲಲ್ಲೇ ನಮ್ಮದು ಸೈಲೆನ್ಸರ್ ಅಂಗಡಿ. ಪೈಪು ಕೊಯ್ಯುವುದು, ಬಗ್ಗಿಸುವುದು, ಬೆಸುಗೆ ಹಾಕುವುದು, ಅಪ್ಪನ ಕಾಲದಿಂದ ಇದೇ ಕಸುಬು. ಹೆಂಡತಿಗೆ ಹೊಡೆಯುವ ಆ ಅಯೋಗ್ಯ ನಮ್ಮ ಮನೆ ಅಳಿಯನಾದ್ದರಿಂದ ಅವನನ್ನು ಬಹುವಚನದಲ್ಲೇ ಮಾತನಾಡಿಸಬೇಕಾಗಿತ್ತು. ಅದು ಏಟಿಗಿಂತ ಹೆಚ್ಚಾಗಿ ಉರಿಯುತ್ತಿತ್ತು.

ಎರಡು ಸಾವಿರದ ಎರಡನೇ ಇಸವಿ, ಹೊಗೆಸೊಪ್ಪಿನ ಹರಾಜು ಶುರುವಾಗಿದ್ದ ಕಾಲ. ಧರ್ಮೇಂದ್ರ ತನ್ನ ಬಿಳಿ ಝೆನ್ ಕಾರನ್ನು ಅಂಗಡಿಯೊಳಕ್ಕೆ ನುಗ್ಗಿಸಿದ.

"ಭಾವ, ಈ ಪೀಚು ಪೈಪು ಕಿತ್ತಾಕಿ. ದಪ್ಪಂದು ಆಕ್ಕೊಡಿ."

ಸಂಗತಿ ಇಷ್ಟು. ಹಂಪಾಪುರದ ಪುಟ್ಟಸ್ವಾಮಿಯ ಹತ್ತಿರವೂ ಅದೇ ವರ್ಷದ ಝೆನ್ ಇತ್ತು. ಯಾರ ಕಾರು ಜೋರು ಎಂದು ಹರಾಜು ಕಟ್ಟೆಯಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಕಾಲರ್ ಹಿಡಿಯುವವರೆಗೂ ಹೋಗಿತ್ತು. ಕೊನೆಗೆ ಪಂದ್ಯ ಕಟ್ಟಿದರು. ಭಾನುವಾರ ಬೆಟ್ಟದಪುರದ ಆಚೆಯ ಏರಿನಲ್ಲಿ, ಒಂದೊಂದು ಕಾರಿಗೂ ನಾಲ್ಕು ನಾಲ್ಕು ಜನ ಕೂತು ಹತ್ತಬೇಕು. ಸೋತವನು ಎಲ್ಲರೆದುರು ಮೀಸೆ ಬೋಳಿಸಿಕೊಳ್ಳಬೇಕು.

"ಎಷ್ಟು ದಪ್ಪ?" ಎಂದೆ.

"ಎರಡೂವರೆ ಇಂಚು. ಬ್ಯಾರನ್ ನೋಡಿಲ್ವಾ ಭಾವ? ಪೈಪು ಸಣ್ಣದಾದ್ರೆ ಬೆಂಕಿ ಎಳ್ಯಾಕಿಲ್ಲ. ದಪ್ಪ ಆದ್ರೆ ಭರ್ರಂತ ಎಳೀತದೆ. ಎಂಜಿನ್ನೂ ಅಂಗೇ ತಾನೆ?"

ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರೆಲ್ಲ ಮಾಡುವ ತಪ್ಪು ಇದು. ಸೊಪ್ಪು ಹದ ಮಾಡುವ ಬ್ಯಾರನ್ ಮನೆಯಲ್ಲಿ ಒಲೆ ಹೊರಗಿರುತ್ತದೆ, ತಗಡಿನ ಕೊಳವೆ ಒಳಗೆಲ್ಲ ಸುತ್ತಿ ಹೊಗೆಯನ್ನು ಚಿಮಣಿಗೆ ಒಯ್ಯುತ್ತದೆ. ಅಲ್ಲಿ ಚಿಮಣಿ ಎಳೆದುಕೊಳ್ಳುತ್ತದೆ, ಆದ್ದರಿಂದ ಕೊಳವೆ ಅಗಲವಾದಷ್ಟೂ ಒಳ್ಳೆಯದು. ಎಂಜಿನ್ ಹಾಗಲ್ಲ. ಅದು ಹೊಗೆಯನ್ನು ಗುಕ್ಕುಗುಕ್ಕಾಗಿ ತಾನೇ ತಳ್ಳುತ್ತದೆ. ಪೈಪು ಅಳತೆಗೆ ಸರಿಯಾಗಿದ್ದರೆ ಒಂದು ಗುಕ್ಕು ರಭಸವಾಗಿ ಓಡಿ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ. ವಿಪರೀತ ಅಗಲವಾದರೆ ಆ ರಭಸವೇ ಸತ್ತುಹೋಗುತ್ತದೆ. ಸಾವಿರ ಸಿಸಿಯ ಪುಟ್ಟ ಎಂಜಿನ್ನಿಗೆ ಒಂದೂವರೆ ಇಂಚು ಸಾಕು, ಹೆಚ್ಚೆಂದರೆ ಒಂದೂ ಮುಕ್ಕಾಲು. ಎರಡೂವರೆ ಹಾಕಿದರೆ ಸದ್ದು ಮೂರು ಊರಿಗೆ ಕೇಳುತ್ತದೆ, ಆದರೆ ಜನ ತುಂಬಿಕೊಂಡು ಏರು ಹತ್ತುವಾಗ ಗಾಡಿ ತಿಣುಕುತ್ತದೆ.

ಇದನ್ನು ಅವನಿಗೆ ಹೇಳಬೇಕೆಂದೇ ಒಂದೂ ಮುಕ್ಕಾಲು ಇಂಚಿನ ಪೈಪು ಕೈಗೆತ್ತಿಕೊಂಡಿದ್ದೆ. ಅವನು ಅದನ್ನು ನೋಡಿ ನಕ್ಕ.

"ಅಣ್ಣ ತಂಗಿ ಇಬ್ರೂ ಒಂದೇ. ಏಳಿದ್ದು ಮಾಡಕ್ಕೆ ಮುಂಚೆ ತಲೆ ಅಳ್ಳಾಡಿಸ್ತೀರ. ಅವ್ಳಿಗಾದ್ರೆ ಎರಡು ಬುಟ್ಟೆ ಅಂದ್ರೆ ತೆಪ್ಪಗಾಯ್ತಾಳೆ."

ಕೈಯಲ್ಲಿದ್ದ ಪೈಪಿನಿಂದಲೇ ತಲೆ ಒಡೆಯಬಹುದಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟೆ.

"ಎರಡೂವರೆನೇ ಆಕ್ಕೊಡ್ತೀನಿ ಬುಡಿ," ಎಂದೆ.

ನಾಲ್ಕು ಗಂಟೆ ಕೆಲಸ. ಅಷ್ಟು ಚೆಂದದ ಬೆಸುಗೆಯನ್ನು ನಾನು ಯಾರಿಗೂ ಹಾಕಿರಲಿಲ್ಲ. ಕಾರಿನ ಕೆಳಗೆ ಮಲಗಿ ಅವನ ಬೋಳು ಮೂತಿಯನ್ನು ನೆನೆದು ಒಬ್ಬನೇ ನಗುತ್ತಿದ್ದೆ. ಸುಧಾಳ ನೆನಪು ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬಂತು. ಆಚೆ ತಳ್ಳಿದೆ. ಕೀಲಿ ತಿರುಗಿಸಿದಾಗ ಕಾರು ಅಬ್ಬರಿಸಿದ್ದಕ್ಕೆ ಎದುರಿನ ಹೋಟೆಲಿನವನು ಓಡಿ ಬಂದ. ಧರ್ಮೇಂದ್ರ ನನ್ನನ್ನು ತಬ್ಬಿಕೊಂಡ.

ಭಾನುವಾರ ಬೆಳಿಗ್ಗೆಯೇ ಬೈಕು ಹತ್ತಿ ಪಂದ್ಯ ನೋಡಲು ಹೋದೆ. ಅಂಥದ್ದನ್ನು ಬಿಡಲಾಗುತ್ತದೆಯೇ? ಏರಿನ ತುದಿಯಲ್ಲಿ ಐವತ್ತು ಜನ ಸೇರಿದ್ದರು. ಮೊದಲು ಧರ್ಮೇಂದ್ರನ ಕಾರಿನ ಸದ್ದು ಬಂತು, ಆದರೆ ಮೊದಲು ಬಂದದ್ದು ಪುಟ್ಟಸ್ವಾಮಿಯ ಕಾರು. ಕಂಪನಿ ಹಾಕಿಕೊಟ್ಟ ಪೈಪಿನಲ್ಲೇ ಅದು ಸದ್ದಿಲ್ಲದೆ ಹತ್ತಿ ಬಂದು ನಿಂತಿತು. ಧರ್ಮೇಂದ್ರನದು ಕೆಳಗಿನ ತಿರುವಿನಲ್ಲಿ ಇನ್ನೂ ಬೊಬ್ಬೆ ಹೊಡೆಯುತ್ತಾ ತೆವಳುತ್ತಿತ್ತು.

ಮೀಸೆ ಕೊಡುವುದಿಲ್ಲವೆಂದು ಅವನು ಕೊಸರಾಡಿದ. ಪುಟ್ಟಸ್ವಾಮಿಯ ಕಡೆಯವರು ನಾಲ್ವರು ಅವನನ್ನು ರಸ್ತೆಗೆ ಕೆಡವಿದರು. ಒಬ್ಬ ಎದೆಯ ಮೇಲೆ ಕೂತ, ಇನ್ನೊಬ್ಬ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಒತ್ತಿದ. ನೀರಿಲ್ಲ, ಸೋಪಿಲ್ಲ, ಒಣ ಬ್ಲೇಡಿನಲ್ಲೇ ಕೆರೆದರು. ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ನಾನು ಅಡ್ಡ ಹೋಗಲಿಲ್ಲ. ಎಲ್ಲರಿಗಿಂತ ಜೋರಾಗಿ ಕೇಕೆ ಹಾಕಿ ನಕ್ಕವನು ನಾನೇ.

ಧರ್ಮೇಂದ್ರ ಎದ್ದು ಮಣ್ಣು ಕೊಡವಿಕೊಂಡ. ಆಮೇಲೆ ಹಲ್ಲು ಕಿರಿದ. ಕಾರು ಹತ್ತಿ ಹೋದ.

ಪುಟ್ಟಸ್ವಾಮಿ ಎಲ್ಲರಿಗೂ ಟೀ ಹೇಳಿದ. ಅರ್ಧ ಲೋಟ ಕುಡಿದಿದ್ದೆ, ಧರ್ಮೇಂದ್ರ ಹಲ್ಲು ಕಿರಿದದ್ದು ಕಣ್ಣ ಮುಂದೆ ಬಂತು. ಲೋಟ ಬಿಸಾಕಿ ಬೈಕಿನ ಕಡೆಗೆ ಓಡಿದೆ.

ಕಂಪಲಾಪುರ ಮುಟ್ಟುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ನಾಲ್ಕು ವರ್ಷದ ಮಗಳು ರಮ್ಯಶ್ರೀ ಮೀಸೆಯಿಲ್ಲದ ಅಪ್ಪನ ಗುರುತು ಸಿಗದೆ, "ಅವ್ವಾ, ಯಾರೋ ಬಂದವ್ರೆ," ಎಂದಿದ್ದಳಂತೆ. ಅಷ್ಟೇ ಸಾಕಾಗಿತ್ತು. ಬ್ಯಾರನ್ನಿನ ಒಲೆಗೆ ಒಟ್ಟಿದ್ದ ಸೌದೆ ಕೊರಡನ್ನು ಎಳೆದುಕೊಂಡಿದ್ದ. ಸುಧಾ ಗೋಡೆಗೆ ಒರಗಿ ಕೂತಿದ್ದಳು. ಎಡಗೈ ಮೊಣಕೈಯಿಂದ ಕೆಳಗೆ ತಿರುಚಿಕೊಂಡು ಜೋತಾಡುತ್ತಿತ್ತು, ಕಿವಿಯಿಂದ ರಕ್ತ ಸೋರುತ್ತಿತ್ತು. ಮಗು ಮಂಚದ ಕೆಳಗಿತ್ತು. ಅವನು ಮತ್ತೆ ಕೊರಡು ಎತ್ತಿದ್ದ.

ನಾನು ಅವನನ್ನು ಜುಟ್ಟು ಹಿಡಿದು ಅಂಗಳಕ್ಕೆ ಎಳೆದೆ. ಕೊರಡು ಕೈತಪ್ಪಿ ಬಿತ್ತು. ಮುಖವನ್ನು ಬ್ಯಾರನ್ನಿನ ಗೋಡೆಗೆ ಮೂರು ಸಲ ಗುದ್ದಿಸಿದೆ. ಮೂಗು ಪಟ್ಟನೆ ಮುರಿಯಿತು. ಹಲ್ಲುಗಳು ನನ್ನ ಕೈಗಂಟಿಗೆ ನೆಟ್ಟವು. "ಬಾಡ್ಕೋ, ಸಾಯಿ, ಸಾಯ್ಲಾ" ಎಂದು ಅರಚುತ್ತಿದ್ದೆ. ಕೆಡವಿ, ಎದೆಯ ಮೇಲೆ ಮಂಡಿಯೂರಿ ಕುತ್ತಿಗೆ ಹಿಸುಕಿದೆ. ಅವನ ಕಣ್ಣು ಮೇಲಾಗುತ್ತಿದ್ದವು. ನನಗೆ ಖುಷಿಯಾಗುತ್ತಿತ್ತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಅವತ್ತು ಖುಷಿಯೇ ಆಯಿತು.

ಬೆನ್ನಿಗೆ ಬಲವಾದ ಏಟು ಬಿತ್ತು. ತಿರುಗಿದರೆ ಸುಧಾ. ಬಲಗೈಯಲ್ಲಿ ಅದೇ ಕೊರಡು.

"ಬುಡು ಅವ್ನ. ಆ ಪೈಪು ಎಷ್ಟಿಂಚಿಂದು ಆಕ್ದೆ?"

ಮದುವೆಯಾಗುವವರೆಗೂ ಅಪ್ಪನ ಅಂಗಡಿಯಲ್ಲಿ ಪೈಪು ಅಳೆದು ಜೋಡಿಸಿದವಳು ಅವಳು. ಅಳತೆಯ ವಿಷಯದಲ್ಲಿ ಅವಳ ಮುಂದೆ ಸುಳ್ಳು ನಡೆಯುವುದಿಲ್ಲ.

"ಎರಡೂವರೆ," ಎಂದೆ.

"ಏರು ಅತ್ತಾಕಿಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಅವ್ನು ಸೋತು ಮನೆಗೆ ಬಂದ್ರೆ ನಂಗೇನಾಯ್ತದೆ ಅಂತ?"

ನನ್ನ ಕೈ ಅವನ ಕುತ್ತಿಗೆಯಿಂದ ತಾನಾಗಿ ಜಾರಿತು.

ಅಕ್ಕಪಕ್ಕದವರು ಆಟೋ ತಂದರು. ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಸುಧಾಳ ಕೈಗೆ ಪಟ್ಟಿ ಕಟ್ಟಿದರು. ಧರ್ಮೇಂದ್ರನನ್ನು ಮೈಸೂರಿಗೆ ಕಳಿಸಿದರು. ಮಗುವನ್ನು ಎತ್ತಿಕೊಳ್ಳಲು ಹೋದೆ. ನನ್ನ ಕೈಮೇಲಿನ ರಕ್ತ ನೋಡಿ ಅದು ಕಿರುಚಿ ಅವ್ವನ ಹಿಂದೆ ಅವಿತುಕೊಂಡಿತು.

"ನಡಿ ಸುಧಾ, ನಮ್ಮನೆಗೆ ಓಗಾನ," ಎಂದೆ.

"ನಿನ್ಮನೆಗೂ ಬರಾಕಿಲ್ಲ. ಭೇರ್ಯದಲ್ಲಿ ನಮ್ ಸೋಮಮ್ಮತ್ತೆ ಅವ್ಳೆ, ಅಲ್ಲಿಗೆ ಓಯ್ತೀನಿ."

ಮಧ್ಯಾಹ್ನ ಹೇಳಿಕೆ ಬರೆದುಕೊಳ್ಳಲು ಮುಖ್ಯ ಪೇದೆ ಬಂದರು. ಆರು ವರ್ಷದಲ್ಲಿ ಒಮ್ಮೆಯೂ ದೂರು ಕೊಡದವಳು ಅವತ್ತು ಒಂದೂ ಬಿಡದೆ ಹೇಳಿದಳು. ಕೆನ್ನೆ, ಬೆರಳು, ಈಗಿನ ಕೈ. ನಾನು ಗೋಡೆ ಹತ್ತಿರ ನಿಂತು ಕೇಳುತ್ತಿದ್ದೆ. ಕೊನೆಗಾದರೂ ಆ ನಾಯಿ ಒಳಗೆ ಹೋಗುತ್ತಾನೆ ಎಂದು ಎದೆ ಹಗುರವಾಗುತ್ತಿತ್ತು.

"ಒಡ್ದೋರ ಎಸ್ರು ಏಳವ್ವ," ಎಂದರು ಪೇದೆ.

"ಧರ್ಮೇಂದ್ರ. ನನ್ ಗಂಡ," ಎಂದಳು. ಅವರು ಬರೆಯುವವರೆಗೂ ಕಾದಳು. "ಇನ್ನೊಂದೆಸ್ರು ಬರ್ಕಳಿ ಸಾ. ದೇವರಾಜು. ನಮ್ಮಣ್ಣ."

ಪೇದೆ ತಲೆಯೆತ್ತಿ ನನ್ನ ಕಡೆ ನೋಡಿದರು. "ಇವ್ನೂ ನಿಂಗೆ ಒಡುದ್ನಾ?"

"ಇವ್ನು ಕೈ ಮಾಡ್ಲಿಲ್ಲ ಸಾ. ನಂಗೆ ಏಟು ಬೀಳ್ತದೆ ಅಂತ ಗೊತ್ತಿದ್ದೇ, ಅಂಗಡೀಲಿ ಕೂತು ಆ ಏಟ್ನ ಅಳತೆ ಮಾಡಿ ಮಾಡ್ಕೊಟ್ಟ."