ಹನ್ನೆರಡು ಮನೆಗಳ ತಗಡು

“ಏ ಗುಡ್ಡೀ! ಸರಿ ಹಿಂದಕ್ಕ! ಧಣ್ಯಾರ ಮುಂದ ಓಡಾಕತ್ತೀಯಲ್ಲ, ಸೊಕ್ಕೇನ ನಿನಗ?”

ಸೈಕಲ್ ಮೇಲೆ ಬರುತ್ತಿದ್ದ ಗುಮಾಸ್ತ ಯಂಕಣ್ಣ ಗಂಟೆ ಬಾರಿಸುತ್ತಲೇ ಬೈದ. ತಲೆಯ ಮೇಲೆ ಕಟ್ಟಿಗೆ ಹೊರೆಯಿದ್ದ ಗುಡ್ಡವ್ವ ಹಿಂದಿರುಗಿ ನೋಡುವಂತಿರಲಿಲ್ಲ.

“ನಾ ಎಲ್ಲಿ ಓಡಾಕತ್ತೇನ್ರಿ ಎಪ್ಪಾ? ದಿನಾ ಹಿಂಗ ಬರತೇನಿ. ಧಣ್ಯಾರಿಗೇ ಜರಾ ಲಗೂ ಬರ್ರಿ ಅನ್ರಿ.”

ಅವಳ ಮಾತು ಸುಳ್ಳಲ್ಲ. ರಾಯಾಪುರದ ಕಡೆಯಿಂದ ಹುಬ್ಬಳ್ಳಿಗೆ ಕಟ್ಟಿಗೆ ಹೊರುವ ಹೆಂಗಸರು ನಡೆಯುವುದಿಲ್ಲ. ನಿಧಾನ ನಡೆದರೆ ಭಾರವೆಲ್ಲ ಕುತ್ತಿಗೆಗೆ ಕೂರುತ್ತದೆ. ಕುಕ್ಕುಲೋಟದಲ್ಲಿ ಹೋದರೆ ಹಗುರ. ಆ ಓಟಕ್ಕೆ ಯಾರೂ ಹಾರ ಹಾಕಿದ್ದಿಲ್ಲ.

ಧಣಿ ವಿರೂಪಾಕ್ಷಪ್ಪನವರ ಓಟದ ಮಾತೇ ಬೇರೆ. ಸಾವಿರದ ಒಂಬೈನೂರ ಅರವತ್ನಾಲ್ಕರ ಯುಗಾದಿಗೆ ಮೊದಲು ಹುಬ್ಬಳ್ಳಿಯ ಕಮರಿಪೇಟೆಯ ಹಿಂದಿನ ಕೇರಿಗೆ ಬೆಂಕಿ ಬಿದ್ದು ಹನ್ನೆರಡು ಗುಡಿಸಲು ಸುಟ್ಟಿದ್ದವು. ಊರಿನ ದೊಡ್ಡವರು ರಾಯಾಪುರದಿಂದ ಓಡಬೇಕು, ಜನ ದಾನ ಕೊಡಬೇಕು, ಸುಟ್ಟ ಮನೆಗಳಿಗೆ ತಗಡು ಬರಬೇಕು ಎಂದು ಧಣಿಯೇ ಡಂಗುರ ಹೊಡೆಸಿದ್ದರು. ದಾನ ಮೊದಲೇ ಬಂತು, ತಗಡೂ ಬಂತು. ಓಟ ಮಾತ್ರ ಉಳಿದಿತ್ತು, ಅದು ಇವತ್ತು. ಹೊಸ ಕ್ಯಾನ್ವಾಸ್ ಬೂಟು, ಬಿಳಿ ಚಡ್ಡಿ, ಅದರ ಮೇಲೆ ಯಾರ ಮಾತೂ ಕೇಳದ ಹೊಟ್ಟೆ. ಪುಣ್ಯಾತ್ಮರು ಎರಡು ಫರ್ಲಾಂಗು ಕಾಲಿನಲ್ಲಿ ಓಡಿ, ಉಳಿದ ದಾರಿಯನ್ನು ಟಾಂಗಾದಲ್ಲಿ ಕೂತು ಓಡಿದರು.

ಆ ಓಟ ನೋಡಿ ನಕ್ಕರೂ ಗುಡ್ಡವ್ವನಿಗೆ ಧಣಿಯ ಮೇಲೆ ಸಿಟ್ಟಿರಲಿಲ್ಲ, ತಗಡಿನ ಆಸೆಯಿತ್ತು. ಮಗಳು ರೇಣವ್ವ ಹಡೆದು ಒಂಬತ್ತು ದಿನ. ತಮ್ಮ ಸುಟ್ಟ ಮನೆಯ ಗೋಡೆಗೆ ಹಳೇ ಸೀರೆ ಕಟ್ಟಿಕೊಂಡು ಕೂಸಿನ ಜೊತೆ ಮಲಗಿದ್ದಳು. ಮುಂಗಾರಿನ ಮಿರಗದ ಮಳೆಗೆ ವಾರ ಉಳಿದಿತ್ತು.

ಕೇರಿಯ ಬಯಲಿನಲ್ಲಿ ಸಭೆ. ಕೊಂಡ ತಗಡುಗಳನ್ನೇ ಬಿದಿರಿನ ಮೇಲೆ ಹೊದಿಸಿ ದೊಡ್ಡವರಿಗೆ ಚಪ್ಪರ ಮಾಡಿದ್ದರು. ಕೇರಿಯವರು ಬಿಸಿಲಿನಲ್ಲಿ ಕೂತು ತಮ್ಮ ಸೂರನ್ನು ಕಣ್ತುಂಬ ನೋಡುತ್ತಿದ್ದರು. ಹೊರೆ ಇಳಿಸಿದ ಗುಡ್ಡವ್ವ ಯಂಕಣ್ಣನನ್ನು ಕೇಳಿದಳು.

“ತಗಡಾ ಯಾವಾಗ ಕೊಡ್ತೀರಿ?”

“ಅವು ಧಣ್ಯಾರ ಹತ್ತಿ ಗೋದಾಮಕ್ಕ ಹೊಂಟಾವು. ನೆರಳಿನ್ಯಾಗ ಬರಬ್ಯಾಡ, ದೂರ ನಿಂದರು.”

ದೇವರು ವರ ಕೊಟ್ಟರೂ ಪೂಜಾರಿ ಕೊಡ, ಇದು ಈ ಭಾಡ್ಯಾನ ಕಿತಾಪತಿಯೇ ಇರಬೇಕು ಎಂದುಕೊಂಡ ಗುಡ್ಡವ್ವ, ಭಾಷಣಕ್ಕೆ ಎದ್ದು ನಿಂತ ಧಣಿಯನ್ನೇ ಕೂಗಿ ಕೇಳಿದಳು.

“ಎಪ್ಪಾ, ನಮ್ಮ ತಗಡಾ ಗೋದಾಮಕ್ಕ ಹೊಂಟಾವಂತ, ಖರೇ ಏನ್ರಿ?”

ಧಣಿ ಹಾರ ಸರಿಪಡಿಸಿಕೊಂಡು ನಕ್ಕರು. “ಹತ್ತಿ ತೊಯ್ದ್ರ ಹಾಳಾಗತೈತಿ, ಗುಡ್ಡೀ. ಈ ಮಳಗಾಲ ಒಂದ ತಡಕೋರಿ. ಮುಂದಿನ ವರ್ಷ ನಿಮ್ಮ ಸಲುವಾಗಿ ಮತ್ತ ಓಡತೇನಿ.”

“ಕೂಸು ತೊಯ್ದ್ರ?”

“ನಿಮ್ಮ ಕೂಸುಗೋಳು ತೊಯ್ದ್ರ ಒಣಗತಾವು ಬಿಡು.”

ಚಪ್ಪರದ ಕೆಳಗೆ ಎಲ್ಲರೂ ನಕ್ಕರು. ಗುಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೊರೆಯಲ್ಲಿ ಸಿಗಿಸಿದ್ದ ಕುಡುಗೋಲು ಎಳೆದುಕೊಂಡಳು.

“ಲಕ್ಕಪ್ಪಾ, ಬಗ್ಗಲೇ.”

ಹತ್ತಿ ಪೇಟೆಯಲ್ಲಿ ದುಡಿಯುವ ಕೇರಿಯ ಹಮಾಲರ ನಡುವಿನಿಂದ ಲಕ್ಕಪ್ಪ ಎದ್ದು ಚಪ್ಪರದ ಬುಡಕ್ಕೆ ಬಂದ. ನೂರಾರು ಹತ್ತಿಯ ಅಂಡಿಗೆ ಹೊತ್ತ ಬೆನ್ನು, ಬಗ್ಗಿತು. ಅವಳು ಅವನ ಹೆಗಲು ಹತ್ತಿ ನಿಂತು ತಗಡು ಕಟ್ಟಿದ್ದ ಹಗ್ಗ ಕೊಯ್ದಳು. ಮೊದಲ ತಗಡು ದಡಬಡ ಜಾರಿ ಹಮಾಲರ ಕೈಗೆ ಬಂತು. ಮೇ ತಿಂಗಳ ಬಿಸಿಲು ನೆಟ್ಟಗೆ ಧಣಿಯ ಬೋಳು ತಲೆಗೆ ಇಳಿಯಿತು.

“ಪೊಲೀಸರನ್ನ ಕರೀಲೇ ಯಂಕ್ಯಾ! ಲಗೂ!”

ಯಂಕಣ್ಣ ಸೈಕಲ್ ಹತ್ತಿ ಓಟ ಕಿತ್ತ.

“ಮದ್ಲ ಬಾಣಂತಿ ಮನಿಗೆ ಒಯ್ಯಿರಿ,” ಎಂದು ಗುಡ್ಡವ್ವ ಹಮಾಲರಿಗೆ ಹೇಳಿ, ಧಣಿಯ ಕಡೆ ಬಗ್ಗಿದಳು.

“ನೀವು ಜರಾ ಆಕಡೆ ಸರೀರಿ, ಎಪ್ಪಾ. ಈಗ ನಿಮ್ಮ ತಲಿಮ್ಯಾಲಿನ ಇನ್ನೊಂದು ತಗಡಾ ಬಿಚ್ಚಾಕತ್ತೇನಿ.”