ಮೂವತ್ತು ಸೆಕೆಂಡಿನ ಕೋಗಿಲೆ

ನಮ್ಮ ಯಜಮಾನರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಕಂಡವರ ಸುದ್ದಿಗೆ ಹೋಗುವ ಚಾಳಿಯಿಲ್ಲ. ಮದುವೆಗೆ ಮೊದಲು ನಮ್ಮತ್ತೆ ಇದನ್ನೆಲ್ಲ ಎದೆ ತಟ್ಟಿಕೊಂಡು ಹೇಳಿದ್ದರು. ಜಾಹೀರಾತಿನ ಹಾಡುಗಳ ವಿಷಯದಲ್ಲಿ ಮಾತ್ರ ತುಟಿ ಪಿಟಕ್ ಅಂದಿರಲಿಲ್ಲ. ಮದುವೆಯಾದ ನಾಲ್ಕನೇ ದಿನ ಇವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, “ಕಣ್ಮುಚ್ಕೊಂಡು ಕೇಳು” ಅಂದರು. ಹೊಸ ಹೆಂಡತಿ, ಮುಚ್ಚಿದೆ. ಯಾರೋ ಒಬ್ಬ ಹೆಂಗಸು ಸೊಳ್ಳೆಬತ್ತಿಯ ಗುಣಗಾನ ಮಾಡಿದಳು. ಮೂವತ್ತು ಸೆಕೆಂಡಿಗೆಲ್ಲ ಮುಗಿಯಿತು. ಕಣ್ಣು ಬಿಟ್ಟರೆ ಇವರ ಕಣ್ಣಲ್ಲಿ ನೀರು.

“ಹೇಗಿತ್ತು?”

“ಸೊಳ್ಳೆ ಸತ್ತಿರ್ಬೇಕು” ಅಂದೆ.

ಅಲ್ಲಿಂದ ಹತ್ತೊಂಬತ್ತು ವರ್ಷ ನಮ್ಮ ಸಂಸಾರ ಹೀಗೇ ನಡೆದುಕೊಂಡು ಬಂದಿದೆ. ಅವರು ಕೇಳಿಸುತ್ತಾರೆ, ನಾನು ಚುಚ್ಚುತ್ತೇನೆ.

ಆ ಹೆಂಗಸಿಗೆ ನಾನಿಟ್ಟ ಹೆಸರು ಮೂವತ್ತು ಸೆಕೆಂಡಿನ ಕೋಗಿಲೆ. ಸಿನಿಮಾಕ್ಕೆ ಒಂದೂ ಹಾಡಿದವರಲ್ಲ. ಪ್ರೆಶರ್ ಕುಕ್ಕರು, ಬಟ್ಟೆ ಸೋಪು, ನೀರಿನ ಪೈಪು, ಬಲ್ಬು, ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮು. ಜೊತೆಗೆ ಸೊಸೆಯರು ಅಳುವ ಏಳೆಂಟು ಧಾರಾವಾಹಿಗಳ ಶೀರ್ಷಿಕೆ ಗೀತೆ. ಜಾಹೀರಾತಿನಲ್ಲಿ ಹಾಡಿದವರ ಹೆಸರು ಹಾಕುವುದಿಲ್ಲ. ಹಾಗಾಗಿ ಇವರು ಬರೀ ಕಿವಿಯಲ್ಲೇ ಗುರುತು ಹಿಡಿದು ಇನ್ನೂರ ಹದಿನಾಲ್ಕು ಹಾಡು ಕೂಡಿಹಾಕಿದ್ದಾರೆ. ಮುಲಾಮಿನ ಹಾಡಿನಲ್ಲಿ ‘ಹಿಮ್ಮಡಿ’ ಅನ್ನುವ ಪದವನ್ನು ಆಕೆ ಎಳೆಯುವ ರೀತಿಯಲ್ಲಿ ಜಗತ್ತಿನ ಹೆಂಗಸರ ದುಡಿಮೆಯ ನೋವೆಲ್ಲ ಇದೆಯಂತೆ. ನನ್ನ ಹಿಮ್ಮಡಿಯೂ ಒಡೆದಿದೆ. ಅದರಲ್ಲಿ ಜಗತ್ತಿನ ನೋವೇನೂ ನನಗೆ ಕಂಡಿಲ್ಲ, ಹೊದಿಕೆಯ ದಾರ ಸಿಕ್ಕಿಕೊಳ್ಳುತ್ತದೆ ಅಷ್ಟೇ. ಇನ್ನು ಒಂಬೈನೂರು ಕಂತಿನ ಒಂದು ಧಾರಾವಾಹಿಯನ್ನು ಇವರು ದಿನಾ ತಪ್ಪದೆ ಹಾಕಿ, ಹಾಡು ಮುಗಿದ ಕೂಡಲೇ ಆರಿಸಿಬಿಡುತ್ತಿದ್ದರು. ಆ ಸೊಸೆಗೆ ಕೊನೆಗೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಥ ಕಿವಿಗೆ ತಕ್ಕ ಕಸುಬೇ ಸಿಕ್ಕಿದೆ. ನಮ್ಮದು ಕಿವಿ ಮಿಷನ್ನಿನ ಅಂಗಡಿ. ಮುಂದೆ ಕೌಂಟರು, ಹಿಂದೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪರೀಕ್ಷೆಯ ಕೋಣೆ, ಅದಕ್ಕೊಂದು ದಪ್ಪ ಗಾಜಿನ ಕಿಟಕಿ. ಮಿಷನ್ನು ಕೂರಲು ಕಿವಿಯ ಅಚ್ಚು ತೆಗೆಯುವುದು, ಅದನ್ನು ಉಜ್ಜಿ ನುಣುಪು ಮಾಡುವುದು, ಕಾರ್ಡು ಬರೆಯುವುದು ನನ್ನ ಕೆಲಸ. ಪರೀಕ್ಷೆ ಇವರದು. ಬಂದವರು ಕೋಣೆಯೊಳಗೆ ಹೆಡ್‌ಫೋನು ಹಾಕಿಕೊಂಡು ಕೂರುತ್ತಾರೆ. ಮಿಷನ್ನು ಬೀಪ್ ಅಂದಾಗ ಗುಂಡಿ ಒತ್ತಬೇಕು. ಲೋಕವೆಲ್ಲ ಒಪ್ಪಿದ ಪದ್ಧತಿ ಇದು. ಇವರಿಗೆ ಅಷ್ಟು ಸಾಲದು. ಬೀಪಾದ ಮೇಲೆ ಕೋಗಿಲೆಯ ಹಾಡೊಂದನ್ನು ಸಣ್ಣಗೆ ಹಾಕಿ, ಕೇಳಿಸಿದ ಮಾತನ್ನು ತಿರುಗಿ ಹೇಳಿಸುತ್ತಾರೆ. ಬೀಪಿಗೆ ಬೆದರುವ ಮುದುಕರು ಕುಕ್ಕರಿನ ಹಾಡಿಗೆ ಅರಳುತ್ತಾರೆ, ಅದನ್ನು ನಾನೂ ಒಪ್ಪಬೇಕು. ಆದರೆ ಒಂದು ಕಟ್ಟುನಿಟ್ಟಿದೆ. ಹಾಡು ಹಾಕುವಾಗ ಇವರು ಕಿಟಕಿಗೆ ಬೆನ್ನು ಮಾಡಬೇಕು. ಹಾಡು ಶುರುವಾದರೆ ಇವರ ತುಟಿ ತಾನಾಗಿಯೇ ಜೊತೆಗೆ ಆಡುತ್ತದೆ, ಕಿವಿ ಮಂದವಾದವರು ತುಟಿ ಓದುವುದರಲ್ಲಿ ಪಳಗಿರುತ್ತಾರೆ. ಈ ನಿಯಮ ಮಾಡಿದವರೂ ಇವರೇ.

ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಅರವತ್ತೈದರ ಆಸುಪಾಸಿನ ಹೆಂಗಸೊಬ್ಬರು ಕೊಡೆ ಮಡಚುತ್ತ ಒಳಗೆ ಬಂದರು.

“ಗುಗ್ಗೆ ತೆಗೀತೀರೇನಮ್ಮ? ಕಿವಿ ಸ್ವಲ್ಪ ಕಟ್ಕೊಂಡಿದೆ, ಬೇರೇನಿಲ್ಲ” ಅಂತ ಬೀದಿಗೇ ಕೇಳುವ ಹಾಗೆ ಅಂದರು.

ಮೂಲೆಯಲ್ಲಿ ಕೂತು ಬ್ಯಾಟರಿ ಜೋಡಿಸುತ್ತಿದ್ದ ಇವರು ಧಡಕ್ಕನೆ ಎದ್ದರು. ಬ್ಯಾಟರಿಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಆಕೆಯ ಮುಖ ನೋಡಿದವರಲ್ಲ, ಫೋಟೊ ಕಂಡವರಲ್ಲ. ಗುಗ್ಗೆಯ ಮಾತಿನಲ್ಲೇ ಹಿಡಿದುಬಿಟ್ಟರು. ಹತ್ತಿರ ಬಂದರು, ಕೈ ಜೋಡಿಸಿದರು, ಗಂಟಲು ಸರಿ ಮಾಡಿಕೊಂಡರು.

“ಅಮ್ಮಾ, ನೀವು... ಹಿಮ್ಮಡಿ?” ಅಂದರು.

ಇಷ್ಟು ವರ್ಷ ಕಾದ ಅಭಿಮಾನಿಯ ಬಾಯಿಂದ ಹೊರಟ ಮೊದಲ ಮಾತು ಇದು. ನಾನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಂಡೆ.

ಆಕೆ ಇವರ ತುಟಿಯನ್ನೇ ನೋಡುತ್ತ ನಕ್ಕರು. “ಅಯ್ಯೋ, ಅದನ್ನ ಹಾಡಿದ್ದು ನಾನೇ ಅಂತ ಹೇಗಪ್ಪ ಗೊತ್ತಾಯ್ತು? ನಮ್ಮ ಮನೇಲೇ ಯಾರೂ ನಂಬಲ್ಲ.”

ಇವರು ಕುಕ್ಕರು, ಪೈಪು, ಸೋಪು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಆಕೆ ಅರ್ಧಕ್ಕೆ ತಲೆಯಾಡಿಸಿದರು, ಇನ್ನರ್ಧಕ್ಕೆ “ಇರ್ಬೇಕಪ್ಪ, ದಿನಕ್ಕೆ ನಾಲ್ಕು ಹಾಡ್ತಿದ್ವಿ, ಯಾವ್ದು ಅಂತ ನೆನಪಿಟ್ಕೊಳ್ಳೋದು” ಅಂದರು. ಆಮೇಲೆ ಬಂದ ಕೆಲಸ ಹೇಳಿದರು. ಬಲ್ಬಿನ ಕಂಪನಿಯವರು ಹಳೇ ಜಾಹೀರಾತನ್ನು ಹೊಸದಾಗಿ ಮಾಡುತ್ತಿದ್ದಾರೆ. ಅದೇ ಹಾಡು, ಅದೇ ಗಾಯಕಿಯ ಗಂಟಲು ಬೇಕಂತೆ. ಗುರುವಾರ ರೆಕಾರ್ಡಿಂಗು.

“ಮೈಕ್ ಮುಂದೆ ನಿಂತು ಎಂಟು ವರ್ಷ ಆಯ್ತು ಕಣಮ್ಮ” ಅಂತ ನನಗೆ ಹೇಳಿದರು. “ಮತ್ತೆ ಕರೀತಾರೆ ಅಂತ ಅಂದ್ಕೊಂಡೇ ಇರ್ಲಿಲ್ಲ. ಇದೊಂದು ಕಿವಿ ಸರಿ ಮಾಡ್ಕೊಟ್ಬಿಡಿ.”

ಇವರು ಒಂದು ಲೋಟ ನೀರು ಕುಡಿದು ಕೂತರು. ಎಂಟು ವರ್ಷದಿಂದ ಇವರಿಗೂ ಹೊಸ ಹಾಡಿಲ್ಲ.

ನಾನು ಟಾರ್ಚು ಹಿಡಿದು ಆಕೆಯ ಎರಡೂ ಕಿವಿ ನೋಡಿದೆ. ಗುಗ್ಗೆಯ ಸುಳಿವೇ ಇಲ್ಲ, ತೊಳೆದಿಟ್ಟ ಲೋಟದ ಹಾಗಿತ್ತು. ಇವರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. “ಮೊದ್ಲು ಬೀಪ್ ಹಾಕಿ ರೀ.”

“ಅವರಿಗೆ ಬೀಪಾ? ನಿನಗೆ ತಲೆ ಕೆಟ್ಟಿದ್ಯಾ? ಅಂಥ ಕಿವಿಗೆ ಬೀಪ್ ಹಾಕೋಕೆ ನಾನ್ಯಾರು?” ಅಂತ ಸಿಡುಕಿ, ಆಕೆಯನ್ನು ಕೋಣೆಯೊಳಗೆ ಕೂರಿಸಿ, ತಾವು ಕಿಟಕಿಯ ಮುಂದೆ ಎದುರಾಗಿ ನಿಂತರು. ಬೆನ್ನು ಹಾಕುವುದಂತೂ ಆ ಹೊತ್ತಿನಲ್ಲಿ ಮಹಾ ಅಪಚಾರವೆಂದು ತೋರಿರಬೇಕು. ಪೈಪಿನ ಹಾಡು ಹಾಕಿದರು. ಆಕೆ ಒಂದಕ್ಷರ ಬಿಡದೆ ತಿರುಗಿ ಹೇಳಿದರು. ಸದ್ದು ತಗ್ಗಿಸಿದರು, ಆಕೆ ಹೇಳಿದರು. ಹೊರಗೆ ಇನ್ನೊಂದು ಹೆಡ್‌ಫೋನು ಹಾಕಿಕೊಂಡಿದ್ದ ನನಗೇ ಕೇಳದಷ್ಟು ತಗ್ಗಿಸಿದರು, ಆಗಲೂ ಹೇಳಿದರು.

“ನೋಡಿದ್ಯಾ? ಚಿನ್ನದ ಕಿವಿ!” ಅಂತ ನನ್ನ ಕಡೆ ತಿರುಗಿ, ಕಾರ್ಡು ಎಳೆದುಕೊಂಡು ‘ತೊಂದರೆಯಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದೇಬಿಟ್ಟರು. ಹಾಡಿದವರಿಗೆ ಅವರದೇ ಹಾಡು ಹಾಕಿ, ಎದುರಿಗೆ ನಿಂತು ಬಾಯಾಡಿಸಿ ತೋರಿಸಿ, ಪಾಸು ಮಾಡಿದ ಮಹಾನುಭಾವ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

“ಈಗ ಬೆನ್ನು ಹಾಕಿ ಇನ್ನೊಂದ್ಸಲ ಹಾಕಿ” ಅಂದೆ.

ದುರುಗುಟ್ಟಿ ನೋಡಿದರು. ಆದರೆ ನಿಯಮ ಅವರದೇ. ತಿರುಗಿ ನಿಂತು ಸೋಪಿನ ಹಾಡು ಹಾಕಿದರು. ಗಾಜಿನಾಚೆ ಆಕೆ ನಗುಮುಖದಲ್ಲಿ ಕೂತೇ ಇದ್ದರು. ಸದ್ದು ಏರಿಸಿದರು. ಆಕೆಯ ಕಣ್ಣು ಒಂದು ಸಲ ನನ್ನ ಕಡೆ ಬಂತು, ಒಂದು ಸಲ ಇವರ ಬೆನ್ನಿನ ಕಡೆ ಹೋಯಿತು. ಇನ್ನೂ ಏರಿಸಿದರು.

“ಶುರು ಮಾಡ್ಲಿಲ್ವಾ?” ಅಂತ ಕೇಳಿದರು ಆಕೆ.

ಇವರು ಆ ಕಡೆ ತಿರುಗಲೇ ಇಲ್ಲ. ಹಾಗೇ ನಿಂತು ಬೀಪಿನ ಗುಂಡಿ ಒತ್ತುತ್ತ ಹೋದರು, ನಾನು ಗುರುತು ಹಾಕುತ್ತ ಹೋದೆ. ಕೆಳಗಿನ ಸ್ವರಗಳು ಅಷ್ಟಿಷ್ಟು ಉಳಿದಿದ್ದವು. ಮೇಲೆ ಹೋದಂತೆಲ್ಲ ಏನೇನೂ ಇರಲಿಲ್ಲ. ‘ತೊಂದರೆಯಿಲ್ಲ’ದ ಕಾರ್ಡನ್ನು ಇವರೇ ಹರಿದು ಬುಟ್ಟಿಗೆ ಹಾಕಿದರು. ಆಕೆಯನ್ನು ಹೊರಗೆ ಕರೆದು, ಎದುರಿಗೆ ಕೂರಿಸಿ, ನಿಧಾನವಾಗಿ ಹೇಳಿದರು.

“ಗೊತ್ತಪ್ಪ” ಅಂದರು ಆಕೆ. “ಗುಗ್ಗೆ ಅಂದ್ರೆ ನಿಜವಾಗ್ಲೂ ಗುಗ್ಗೆನೇ ಇದ್ದುಬಿಡಬಹುದೇನೋ ಅಂತ ಒಂದು ಆಸೆ.”

ಆಮೇಲೆ ಇವರು ಮಾಡಿದ ಕೆಲಸದ ಬಗ್ಗೆ ಚುಚ್ಚಲು ನನ್ನಲ್ಲಿ ಏನೂ ಇಲ್ಲ. ಮಾತು ಕೇಳಲು ಮಾಡಿದ ಮಿಷನ್ನಿಗೆ ಹಾಡೆಂದರೆ ಆಗದು. ಎಳೆದ ಸ್ವರವನ್ನು ಅದು ಸೀಟಿಯೆಂದು ತಿಳಿದು ಅದುಮಲು ನೋಡುತ್ತದೆ. ಇವರು ಅದರ ಆ ಬುದ್ಧಿಯನ್ನೆಲ್ಲ ಒಂದೊಂದಾಗಿ ಬಿಡಿಸಿ, ಎರಡು ಗಂಟೆ ಕಂಪ್ಯೂಟರಿನ ಮುಂದೆ ಕೂತು ಆಕೆಯ ಕಿವಿಗೆ ಹೊಂದಿಸಿದರು. ಮಿಷನ್ನು ಹಾಕಿದ ಕೂಡಲೇ ಆಕೆ ಮೇಲೆ ನೋಡಿದರು. “ಈ ಫ್ಯಾನು ಆಗ್ಲಿಂದ ಹೀಗೇ ಬಡ್ಕೊಳ್ತಿತ್ತಾ?” ಅಂದರು. ನಾನು ಪೆನ್ನು ಇಟ್ಟರೆ ಆ ಕಡೆ ತಿರುಗಿದರು.

ಇವರು ಸ್ಪೀಕರಿನಲ್ಲಿ ಬಲ್ಬಿನ ಹಾಡು ಹಾಕಿದರು. ‘ಸ್ವಿಚ್ಚು ಒತ್ತಿ ನೋಡಿ, ಕತ್ತಲೆ ಓಡೋಡಿ’. ಮೂವತ್ತು ಸೆಕೆಂಡು. ಆಕೆ ಮೂರು ಸಲ ಹಾಕಿಸಿಕೊಂಡರು.

“ಈ ಹುಡುಗಿ ಚೆನ್ನಾಗಿ ಹಾಡ್ತಾಳಲ್ಲ” ಅಂದರು ಕೊನೆಗೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಉಸಿರು ತುಂಬಿಕೊಂಡು ತಾವೇ ಹಾಡಿದರು.

ಮೊದಲ ಸಾಲು ಹೇಗೋ ದಾಟಿತು. ‘ಓಡೋಡಿ’ಗೆ ಮೇಲೇರಬೇಕಾದ ಸ್ವರ ಅರ್ಧದಾರಿಯಲ್ಲಿ ಸೀಳಿ ಕೆಳಗೆ ಬಿತ್ತು. ನಿಲ್ಲಿಸಿದರು. ಮತ್ತೆ ಹಾಡಿದರು, ಮತ್ತೆ ಅಲ್ಲೇ ಬಿತ್ತು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಹಾಡಿದರು. ಅದು ಇನ್ನೂ ಕೆಟ್ಟದಾಗಿತ್ತು.

“ಮಿಷನ್ನಲ್ಲಿ ಹೀಗೆ ಕೇಳುತ್ತಾ, ಇಲ್ಲ ನನ್ನ ಗಂಟಲೇ ಹೀಗಾಗಿದ್ಯಾ?” ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ. ಹೊಸದಾಗಿ ಮಿಷನ್ನು ಹಾಕಿದವರಿಗೆಲ್ಲ ಸ್ವಂತ ದನಿ ಕೊಡದೊಳಗೆ ತಲೆಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ. ತಪ್ಪು ಯಾವುದರದೆಂದು ಆಕೆಗೆ ತಿಳಿಯುವ ದಾರಿಯೇ ಇರಲಿಲ್ಲ.

“ಮಿಷನ್ನೇ ಅಮ್ಮ” ಅಂದರು ಇವರು. “ಮಿಷನ್ ಸರಿಯಿಲ್ಲ. ದರಿದ್ರದ್ದು. ನಿಮ್ಮ ಗಂಟಲು ಹಾಗೇ ಇದೆ.”

ನಾನು ಬೆಚ್ಚಿಬಿದ್ದೆ. ಗಿರಾಕಿಗಳು ಅಂಗಡಿಯ ಮಿಷನ್ನಿನ ಮೇಲೆ ಸಣ್ಣ ದೂರು ಹೇಳಿದರೂ ಜಗಳಕ್ಕೆ ನಿಲ್ಲುವ ಮನುಷ್ಯ. ಎರಡು ಗಂಟೆ ಕೂತು ಇಷ್ಟು ವರ್ಷಗಳಲ್ಲೇ ಚೆನ್ನಾಗಿ ಮಾಡಿದ ಕೆಲಸವನ್ನು ತಮ್ಮ ಬಾಯಲ್ಲೇ ದರಿದ್ರ ಅಂದರು.

ಆಕೆ ಇವರನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. “ನಿನ್ನ ಗಂಡ ಒಳ್ಳೆಯವನಮ್ಮ. ನೀನು ಹೇಳು.”

ಆಕೆಯ ಹೆಸರಲ್ಲಿ ವರ್ಷಗಟ್ಟಲೆ ಮಸೆದಿಟ್ಟ ನಾಲಿಗೆ ನನ್ನದು. ಈಗ ಏಳಲೇ ಒಲ್ಲದು. ಚೆನ್ನಾಗಿದೆ ಅಂದುಬಿಡೋಣ ಅನ್ನಿಸಿತು. ಇವರೂ ಆಕೆಯ ಹಿಂದೆ ನಿಂತು, ನಿಜ ಹೇಳಬೇಡ ಅಂತ ತಲೆಯಾಡಿಸುತ್ತಿದ್ದರು. ಆದರೆ ಗುರುವಾರ ಸ್ಟುಡಿಯೋದಲ್ಲಿ ಗಾಜಿನಾಚೆ ಕೂತ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುಖ ನೋಡಿಯೇ ಇಷ್ಟು ವರ್ಷ ಕಾಲ ತಳ್ಳಿದ ಆಕೆಗೆ ಅದು ಕಾಣದೆ ಇರುತ್ತದೆಯೇ?

“ಈಗ ಹಾಡಿದ್ದನ್ನ ಕೇಳಿ, ನಾನಾದ್ರೆ ಆ ಬಲ್ಬು ತಗೊಳ್ಳಲ್ಲ ಅಮ್ಮ” ಅಂದೆ. ಅಂದ ಮೇಲೆ ಅಳು ಬಂತು.

ಆಕೆ ನಕ್ಕರು, ಕೆಮ್ಮು ಬರುವಷ್ಟು. “ಅಷ್ಟೇ ಕಣಮ್ಮ. ಬಲ್ಬು ತಗೊಳ್ಳಿ ಅಂತಲೇ ತಾನೇ ನಾವು ಹಾಡ್ತಿದ್ದಿದ್ದು” ಅಂದರು. ಚೀಲದಿಂದ ಫೋನು ತೆಗೆದು ಅಲ್ಲೇ ಕೂತು ಮಾತಾಡಿದರು.

“ನಾನಪ್ಪ. ಗುರುವಾರ ಬರಲ್ಲ. ಹಳೇದನ್ನೇ ಹಾಕ್ಕೊಳ್ಳಿ, ಚೆನ್ನಾಗಿದೆ... ಇಲ್ಲಪ್ಪ, ಹುಷಾರಾಗೇ ಇದೀನಿ. ಗಂಟಲು ಹೋಗಿದೆ. ಈಗ ತಾನೇ ಕೇಳಿಸ್ಕೊಂಡೆ.”

ಮಿಷನ್ನು ಮಾತ್ರ ತೆಗೆಯಲು ಬಿಡಲಿಲ್ಲ. “ಹಾಕ್ಕೊಂಡೇ ಹೋಗ್ತೀನಿ, ಬಸ್ಸಲ್ಲಿ ಜನ ಏನ್ ಮಾತಾಡ್ತಾರೋ ಕೇಳ್ಬೇಕು” ಅಂದರು. ಇವರ ಹೆಗಲು ತಟ್ಟಿ, ಕೊಡೆ ಬಿಚ್ಚಿಕೊಂಡು ಬೀದಿಗಿಳಿದರು.

ನಾನು ಬಾಗಿಲವರೆಗೆ ಹೋಗಿ ಬರುವಷ್ಟರಲ್ಲಿ ಇವರು ಕೌಂಟರಿನಲ್ಲಿ ಇರಲಿಲ್ಲ. ಪರೀಕ್ಷೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಗಾಜಿನಲ್ಲಿ ನೋಡಿದರೆ ಕಿವಿ ತೋರಿಸಲು ಬಂದವರ ಕುರ್ಚಿಯಲ್ಲಿ ಕೂತಿದ್ದರು, ಭುಜ ಅಲುಗುತ್ತಿತ್ತು. ಬೈಯುತ್ತಾರೆ, ಬೈಯಲಿ ಅಂದುಕೊಂಡು ಒಳಗೆ ಹೋದೆ. ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಕೇಳಿಯೇ ಕೇಳುತ್ತಾರೆ.

ಅವರು ಬೈಯಲಿಲ್ಲ. “ನಾನಾಗಿದ್ರೆ ಕಳಿಸ್ಬಿಡ್ತಿದ್ದೆ ಕಣೇ” ಅಂದರು. “ಸೀಳಿ ಬೀಳ್ತಾ ಇರೋದು ನನಗೂ ಕೇಳ್ತು. ಆದ್ರೂ ಕಳಿಸ್ಬಿಡ್ತಿದ್ದೆ. ಅಲ್ಲಿ ಅವರ ಮಾನ ಹೋದ್ರೂ ಸರಿ, ನನಗೆ ಒಂದು ಹೊಸ ಹಾಡು ಸಿಗ್ತಿತ್ತಲ್ಲ.”

ಹೊರಗೆ ಯಾರೋ ಬಂದು ಕೌಂಟರು ತಟ್ಟುತ್ತಿದ್ದರು. ತಟ್ಟಲಿ ಎಂದು ನಾನೂ ಇವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.